ಕುಬಸಕ್ಕೆ ಹೊಸ ತಂತಿ

ಐವತ್ತು ದಾಟಿದ ಮೇಲೆ ಮನುಷ್ಯ ಕೆಲವು ಸತ್ಯಗಳನ್ನು ಒಪ್ಪಿಕೊಂಡುಬಿಡಬೇಕು. ನನಗೆ ಗಿಟಾರ್ ನುಡಿಸಲು ಬರುತ್ತದೆ ಎಂಬುದು ನಾನೇ ಹಬ್ಬಿಸಿದ ಸುದ್ದಿ. ನಿಜವಾಗಿ ಬರುವುದು ಅದರ ಆರೈಕೆ. ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದ ಒಂದೊಂದೇ ತಂತಿಯ ಬೆವರು ಒರೆಸುತ್ತೇನೆ. ಕಲಬುರಗಿಯ ಬೇಸಿಗೆಯಲ್ಲಿ ನುಡಿಸುವುದಕ್ಕಿಂತ ಒರೆಸುವುದೇ ಹೆಚ್ಚು. ಜೇವರ್ಗಿ ಕಾಲೋನಿಯ ನಮ್ಮ ಮನೆಯ ಕಿಟಕಿಯ ಬಳಿ ಸಂಜೆ ಹಾಗೆ ಕುಳಿತಾಗ, ಬೇವಿನ ನೆರಳು ಗಿಟಾರಿನ ಮೇಲೆ ಆಡುತ್ತಿದ್ದರೆ, ನನಗೆ ಲೋಕದ ಪರಿವೆ ಇರುವುದಿಲ್ಲ. ಹೆಂಡತಿ ಚಹಾಕ್ಕೆ ಕರೆದದ್ದು ಚಹಾ ಆರಿದ ಮೇಲೆ ಕೇಳಿಸುತ್ತದೆ.

ಹೀಗಿರುವಾಗ ಕಮಲಾಪುರದಿಂದ ನನ್ನ ಅಕ್ಕನ ಮಗಳು ಶೋಭಾ ಫೋನ್ ಮಾಡಿದಳು. ಚೊಚ್ಚಲ ಬಸುರಿ, ತವರಿನಲ್ಲಿ ಕುಬಸ, ಅಂದರೆ ಸೀಮಂತ. "ಮಾಮಾ, ನಾ ಸಣ್ಣಾಕಿ ಇದ್ದಾಗ ಮಲಗಸಾಕ ಒಂದ್ ಲಾಲಿ ನುಡಸ್ತಿದ್ರಿ ನೋಡ್ರಿ, ಅದನ್ನ ನುಡಸ್ರಿ. ತಿಂಗಳಾತು, ನನಗ ನಿದ್ದೀನೇ ಬರವಲ್ದು." ದನಿ ಸೋತುಹೋಗಿತ್ತು. ಎತ್ತಿ ಆಡಿಸಿದ ಹುಡುಗಿ. ಒಂದು ಗಳಿಗೆಯಾದರೂ ಅವಳನ್ನು ಮಲಗಿಸಲೇಬೇಕು ಎನಿಸಿತು.

ಕುಬಸದ ಬೆಳಿಗ್ಗೆ ಹೊಸ ಇಳಕಲ್ ಸೀರೆ ಉಟ್ಟು ನಿಂತ ಹೆಂಡತಿ ಗಿಟಾರನ್ನು ಮೇಲೆ ಕೆಳಗೆ ನೋಡಿದಳು. "ಅಲ್ರೀ, ಕಾರ್ಯಕ್ಕ ಹೊಂಟೀವಿ. ಎಲ್ಲಾರೂ ಹೊಸದು ಉಡತಾರ, ಇದೊಂದು ಹಳೀ ತಂತಿ ಹಾಕ್ಕೊಂಡು ಬರತದೇನು?" ಮಾತು ಸರಿಯೆಂದೇ ತೋರಿತು. ಬೆರಳು ತಾಗಿ ತಾಗಿ ದಪ್ಪ ತಂತಿಗಳು ಮೂರೂ ಕಪ್ಪಾಗಿದ್ದವು. ಅಲಮಾರಿಯಿಂದ ಹೊಸ ಪೊಟ್ಟಣ ತೆಗೆದು ಒಂದೊಂದನ್ನೇ ಬಿಚ್ಚಿ, ಜಾರುವ ನೈಲಾನಿನ ಬಾಲವನ್ನು ಅದರದೇ ಕುಣಿಕೆಯಲ್ಲಿ ಸಿಕ್ಕಿಸಿ ಆರನ್ನೂ ಕಟ್ಟಿದೆ. ಗಿಟಾರ್ ಮದುಮಗನಂತೆ ಹೊಳೆಯಿತು.

ಹೊಸ ನೈಲಾನ್ ತಂತಿ ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಏರಿಸಿದ ಶ್ರುತಿ ಇಳಿಯುತ್ತಲೇ ಇರುತ್ತದೆ. ಕಂಡವರಿಗೆಲ್ಲ ನಾನೇ ಹೇಳುವ ಈ ಪಾಠ ನನಗೆ ನೆನಪಾದದ್ದು ಬಸ್ಸು ಊರು ದಾಟಿದ ಮೇಲೆ. ಕಿಟಕಿಯಾಚೆ ತೊಗರಿ ಹೊಲಗಳು ಕನಸಿನಂತೆ ಸರಿಯುತ್ತಿದ್ದವು; ನಾನು ತಂತಿ ಬಿಗಿಯುವ ಬಿರಡೆ ತಿರುವುತ್ತಲೇ ಇದ್ದೆ. "ಏನ್ರೀ ಸಾಹೇಬ್ರ, ಬಸ್ಸಿಗಿ ಚಾವಿ ಕೊಡಾಕತ್ತೀರೇನು?" ಎಂದರು ಪಕ್ಕದ ಯಜಮಾನರು.

ಉಡಿ ತುಂಬಿ, ಹೋಳಿಗೆ ಊಟ ಮುಗಿದು, ಕೆಂಪು ಬಾಳೆಹಣ್ಣು ಹಂಚಿದ ಮೇಲೆ ನನ್ನ ಸರದಿ. ಒಂದು ಸಾಲು ಮುಗಿಯುವಷ್ಟರಲ್ಲಿ ತಂತಿಗಳು ಸಡಿಲಾದವು. ನಿಲ್ಲಿಸಿ ಬಿಗಿದರೆ ಲಾಲಿ ಕೆಡುತ್ತದೆ. ಬೇರೆ ದಾರಿಯಿಲ್ಲದೆ ಅವು ಇಳಿದಂತೆ ನಾನೂ ಇಳಿದೆ, ನಿಧಾನ, ಇನ್ನೂ ನಿಧಾನ. ನಾಚಿಕೆಯಿಂದ ತಲೆ ಎತ್ತಲಿಲ್ಲ. ಮುಗಿದಾಗ ಒಂದು ಚಪ್ಪಾಳೆಯೂ ಇಲ್ಲ. ಮೆಲ್ಲಗೆ ಕಣ್ಣೆತ್ತಿದರೆ ಗೋಡೆಗೊರಗಿದ ಹೆಂಗಸರೆಲ್ಲ ತೂಕಡಿಸುತ್ತಿದ್ದಾರೆ. ಅಕ್ಕನ ತೊಡೆಯ ಮೇಲೆ ಶೋಭಾ, ಹಸಿರು ಬಳೆಯ ಕೈ ಹೊಟ್ಟೆಯ ಮೇಲಿಟ್ಟು ಗಾಢ ನಿದ್ದೆಯಲ್ಲಿದ್ದಾಳೆ. ಅಕ್ಕ ತುಟಿಗೆ ಬೆರಳಿಟ್ಟು, "ಸಾವಕಾಶ ಏಳೋ ತಮ್ಮಾ, ಎಚ್ಚರಾದಾಳು," ಎಂದಳು. ನನ್ನ ಕಣ್ಣು ತುಂಬಿ ಬಂತು.

ವಾರ ಕಳೆಯಿತು, ತಂತಿಗಳು ಪಳಗಿದವು. ಮಾನ ಉಳಿಸಿಕೊಳ್ಳಲು ಮತ್ತೆ ಕಮಲಾಪುರಕ್ಕೆ ಹೋಗಿ ಅದೇ ಲಾಲಿಯನ್ನು ಕೂದಲೆಳೆಯಷ್ಟೂ ತಪ್ಪದೆ ನುಡಿಸಿದೆ. ಶೋಭಾ ಕೊನೆಯವರೆಗೂ ಕಣ್ಣರಳಿಸಿ ಕುಳಿತಿದ್ದಳು. "ಚಂದ ಆತ್ರಿ ಮಾಮಾ. ಆದ್ರ ಕೂಸು ಹುಟ್ಟಿದ್ಮ್ಯಾಲ ಬರೂಮುಂದ ಹೊಸ ತಂತಿ ಹಾಕ್ಕೊಂಡೇ ಬರ್ರಿ."

ಅಲಮಾರಿಯಲ್ಲೀಗ ಎರಡು ಹೊಸ ಪೊಟ್ಟಣಗಳಿವೆ. ಶ್ರುತಿ ಸೇರಿಸಲು ಮೂವತ್ತು ವರ್ಷ ಒದ್ದಾಡಿದವನಿಗೆ ಕೊನೆಗೂ ಮನಸಾರೆ ಒಂದು ಕರೆ ಬಂದಿದೆ, ಶ್ರುತಿ ತಪ್ಪಿ ನುಡಿಸಲು.