ತಕ್ಕಡಿ ಕೊಳ್ಳದ ಪ್ರೊಸೆಸರ್

ಕಂಪ್ಯೂಟರಿನ ಪರದೆಯ ಮೇಲೆ ಒಬ್ಬ ಮನುಷ್ಯ ಬಾಗಿಲು ದಾಟುತ್ತಿದ್ದ. ನಿನ್ನೆ ಊಟಕ್ಕೆ ಮುಂಚೆ ಬಲಗಾಲು ಎತ್ತಿದವನು ಇವತ್ತು ಬೆಳಗಿನ ಕಾಫಿಯ ಹೊತ್ತಿಗೂ ಅದನ್ನು ಕೆಳಗಿಟ್ಟಿರಲಿಲ್ಲ.

ಕಟ್ಟಡವನ್ನು ಕಟ್ಟುವ ಮುಂಚೆಯೇ ಕಂಪ್ಯೂಟರಿನಲ್ಲಿ ಕಟ್ಟಿ, ಅದರೊಳಗೆ ಓಡಾಡಿದ ಹಾಗೆ ಚಿತ್ರ ಮಾಡಿ ತೋರಿಸುವುದು ಆ ಪರದೆಯ ಮುಂದೆ ಕೂತಿದ್ದವನ ಕಸುಬು. ಮೊದಲು ಒಂದು ಆಫೀಸಿನಲ್ಲಿ ಮಾಡುತ್ತಿದ್ದ. ಅಲ್ಲಿಯವರು ಅವನಿಗೆ ಇಟ್ಟ ಹೆಸರು ತಕ್ಕಡಿ. ಯಾರಾದರೂ ಒಂದು ಕಡೆ ಮಾತಾಡಿದರೆ ಸಾಕು, ಇನ್ನೊಂದು ಕಡೆ ಪಾಪ ಒಂಟಿಯಾಗಿ ನಿಂತಿದೆಯಲ್ಲ ಎಂದು ಅವನಿಗೆ ಮರುಕ ಹುಟ್ಟುತ್ತಿತ್ತು. ಹೋಗಿ ಆ ಕಡೆ ಕೂತುಬಿಡುತ್ತಿದ್ದ. ಕೂತ ಮೇಲೆ ಅವನಷ್ಟು ಚೆನ್ನಾಗಿ ವಾದ ಮಾಡುವವರು ಇನ್ನೊಬ್ಬರಿರಲಿಲ್ಲ. ಬೇರೆಯವರನ್ನು ಒಪ್ಪಿಸಿ ಮನೆಗೆ ಬಂದು, ತಾನೊಬ್ಬನೇ ಒಪ್ಪದೆ ಹೊರಳಾಡುತ್ತಿದ್ದ.

ಎರಡು ತಿಂಗಳ ಹಿಂದೆ ಧೈರ್ಯ ಮಾಡಿ ಆ ಕೆಲಸ ಬಿಟ್ಟಿದ್ದ. “ನಿನ್ನ ಸ್ಟೂಲು ಇಲ್ಲೇ ಇರುತ್ತೆ ಬಿಡಪ್ಪ, ಎಲ್ಲಿಗೂ ಹೋಗಲ್ಲ,” ಎಂದು ಹಳೆಯ ಯಜಮಾನರು ನಕ್ಕಿದ್ದು ಇನ್ನೂ ಕಿವಿಯಲ್ಲಿತ್ತು. ಈಗ ಒಬ್ಬ ಹಲ್ಲಿನ ಡಾಕ್ಟರಮ್ಮ ತಮ್ಮ ಹೊಸ ಆಸ್ಪತ್ರೆಯ ಚಿತ್ರ ಕೇಳಿದ್ದರು. ಇನ್ನೊಬ್ಬನಿಗೂ ಹೇಳಿದ್ದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಇಬ್ಬರದನ್ನೂ ನೋಡಿ ಒಬ್ಬನನ್ನು ಆರಿಸುತ್ತಾರೆ. ಆರಿಸಿದರೆ ವರ್ಷಕ್ಕಾಗುವಷ್ಟು ಕೆಲಸ. ಇಲ್ಲದಿದ್ದರೆ ಆ ಸ್ಟೂಲು.

ಕಂಪ್ಯೂಟರಿನ ಮಿದುಳು ಎನ್ನಬಹುದಾದ ಪ್ರೊಸೆಸರ್ ಹಳತಾಗಿತ್ತು. ಉಳಿದ ಕೆಲಸಕ್ಕೆ ಅದು ಮೂವತ್ತು ಗಂಟೆ ಕೇಳುತ್ತಿತ್ತು. ಅಂಗಡಿಯಲ್ಲಿರುವ ಹೊಸದಕ್ಕೆ ಎಂಟೇ ಗಂಟೆ ಸಾಕು. ಸಂಜೆಯೊಳಗೆ ತಂದು ಕೂರಿಸಿದರೆ ಬೆಳಿಗ್ಗೆಗೆ ಎಲ್ಲ ಮುಗಿದಿರುತ್ತದೆ.

“ರೀ, ಹೋಗಿ ತಗೊಂಡು ಬನ್ನಿ,” ಎಂದಳು ಹೆಂಡತಿ.

“ಮುಂದಿನ ತಿಂಗಳು ಇದಕ್ಕಿಂತ ಜೋರಾಗಿರೋದು ಬರುತ್ತಂತೆ ಕಣೇ. ಈಗ ತಗೊಂಡ್ರೆ ಆಗ ಹೊಟ್ಟೆ ಉರಿಯಲ್ವಾ?”

“ಹೋದ ವರ್ಷನೂ ಮುಂದಿನ ತಿಂಗಳೇ ಬರ್ತಿತ್ತು. ಮದುವೆ ವಿಷಯದಲ್ಲೂ ಮೂರು ವರ್ಷ ಮುಂದಿನ ತಿಂಗಳು ಅಂದ್ರಿ. ನಮ್ಮಪ್ಪ ಬಾಗಿಲಿಗೆ ಅಡ್ಡ ನಿಂತು ಕೇಳದೆ ಇದ್ದಿದ್ರೆ ನಾನಿನ್ನೂ ತವರಲ್ಲೇ ಇರ್ತಿದ್ದೆ. ಎದ್ದೇಳಿ!”

ತಕ್ಕಡಿ ಚಪ್ಪಲಿ ಮೆಟ್ಟಿದ. ಮೆಟ್ಟಿಲ ಮೇಲೆ ಮಹಡಿಮನೆಯ ನಿವೃತ್ತ ಮೇಷ್ಟ್ರು ಸಿಕ್ಕರು. ಹಕ್ಕಿಗಳ ಕೂಗನ್ನು ಧ್ವನಿಮುದ್ರಿಸಿ, ಅದರೊಳಗಿನ ಗಾಡಿಗಳ ಸದ್ದನ್ನು ಕಂಪ್ಯೂಟರಿನಲ್ಲಿ ಸೋಸಿ ತೆಗೆಯುವುದು ಅವರ ಹುಚ್ಚು. ಅವರ ಕಂಪ್ಯೂಟರನ್ನು ಜೋಡಿಸಿಕೊಟ್ಟವನೂ ಇವನೇ, ತನ್ನದರ ತದ್ರೂಪು.

“ಎಲ್ಲಿಗಪ್ಪಾ ಸವಾರಿ?”

ತಕ್ಕಡಿ ವಿಷಯ ಹೇಳಿದ.

“ಹೊಸದು ಬರೋದಿದ್ರೆ ಕಾಯಬೇಕಪ್ಪ. ಅವಸರದಲ್ಲಿ ಹೆತ್ತ ಮಗುಗೆ ಆರು ತಿಂಗಳಂತೆ. ಎರಡು ವರ್ಷದಿಂದ ನಾನಿಲ್ವಾ ಆರಾಮಾಗಿ?”

ಕೊಳ್ಳುವ ಕಡೆ ಒಂಟಿಯಾಗಿಬಿಟ್ಟಿತು. ತಕ್ಕಡಿಗೆ ತಡೆಯಲಾಗಲಿಲ್ಲ.

“ಅಲ್ಲ ಮೇಷ್ಟ್ರೇ, ಎರಡು ವರ್ಷದಲ್ಲಿ ಎಷ್ಟು ಹಕ್ಕಿ ಸೋಸಿದ್ರಿ? ನಲವತ್ತಾ? ಹೊಸದಿದ್ದಿದ್ರೆ ನಾನೂರು ಆಗ್ತಿತ್ತು. ಪ್ರೊಸೆಸರ್ ಯಾವತ್ತೂ ಬರ್ತಾನೇ ಇರುತ್ತೆ. ನಮ್ಮ ಕಿವಿ ಹಾಗೇ ಇರುತ್ತಾ? ನಾಳೆ ಕಿವಿ ಮಂದ ಆದ್ಮೇಲೆ ಎಂಥ ಪ್ರೊಸೆಸರ್ ತಗೊಂಡು ಏನ್ಮಾಡ್ತೀರಿ?”

ಮೇಷ್ಟ್ರು ಬಲಗಿವಿಯನ್ನು ಮುಟ್ಟಿ ನೋಡಿಕೊಂಡರು. ಹಾಗೇ ಮೇಲೆ ಹತ್ತಿ ಹೋದರು.

ಈ ವಾದದಿಂದ ಹುರುಪುಗೊಂಡು ತಕ್ಕಡಿ ಅಂಗಡಿಯವರೆಗೆ ಹೆಚ್ಚುಕಡಿಮೆ ಓಡಿದ. ಡಬ್ಬಗಳು ಚಾವಣಿ ಮುಟ್ಟುವ ಇರುಕು ಅಂಗಡಿ. ಬಾವಿಯ ತಳದಿಂದ ನೋಡಿದಂತೆ ಅಂಗಡಿಯವನು ಡಬ್ಬಗಳ ನಡುವಿನಿಂದ ನೋಡಿದ.

“ಬನ್ನಿ ಸಾರ್! ಇವತ್ತು ಬಿಡಬೇಡಿ. ಈಗ ತಗೊಂಡೋನೇ ಜಾಣ. ನಾನೇ ಇನ್ನೂ ಇಪ್ಪತ್ತು ತರಿಸ್ತಾ ಇದ್ದೀನಿ. ಮಧ್ಯಾಹ್ನ ಗಾಡಿ ಹೊರಡುತ್ತೆ, ಸಂಜೆಗೆ ಇಲ್ಲಿರುತ್ತೆ.”

ಪಾಪ, ಈಗ ಕಾಯುವ ಕಡೆಗೆ ಯಾರೂ ಇರಲಿಲ್ಲ.

“ಇಪ್ಪತ್ತಾ?” ತಕ್ಕಡಿಯ ಹುಬ್ಬು ಮೇಲೇರಿತು. “ಮುಂದಿನ ತಿಂಗಳು ಹೊಸದು ಬಂದ್ರೆ ಇದನ್ನ ಯಾರು ಮೂಸಿ ನೋಡ್ತಾರೆ? ನಿನ್ನೆಯ ಪೇಪರ್ ಇದ್ದ ಹಾಗೆ ಆಗುತ್ತೆ. ಇಪ್ಪತ್ತು ಡಬ್ಬ ಇಟ್ಕೊಂಡು ನೀವು ಎಲ್ಲಿ ಕೂರ್ತೀರಿ? ಈಗ್ಲೇ ನಿಲ್ಲೋಕೆ ಜಾಗ ಇಲ್ಲ.”

ಹೀಗೆ ಕಾಲು ಗಂಟೆ. ಅಂಗಡಿಯವನು ಒಮ್ಮೆ ಡಬ್ಬಗಳನ್ನು, ಒಮ್ಮೆ ಫೋನನ್ನು ನೋಡಿದ. ಅವನ ಮುಖ ಗಾಳಿ ಬಿಟ್ಟ ಬಲೂನಿನಂತಾಗಿತ್ತು.

“ನಿಮಗೊಂದು ಕೊಡ್ಲಾ ಸಾರ್?” ಎಂದು ಮೆಲ್ಲಗೆ ಕೇಳಿದ.

“ಇಷ್ಟೆಲ್ಲ ಹೇಳಿದ ಮೇಲೂ?” ಎಂದು ತಕ್ಕಡಿ ಬರಿಗೈಯಲ್ಲಿ ಇಳಿದು ಬಂದ.

ರಸ್ತೆಗೆ ಬಂದ ಮೇಲೆ ತಾನು ಬಂದ ಕೆಲಸ ನೆನಪಾಯಿತು. ಮನೆಗೆ ಹೋಗುವಂತಿಲ್ಲ, ಹೆಂಡತಿ ಕೈ ನೋಡುತ್ತಾಳೆ. ಎರಡು ಸಲ ಅಂಗಡಿಯ ತಿರುವಿನವರೆಗೂ ಹೋಗಿ ವಾಪಸು ಬಂದ. ಪಾರ್ಕಿನ ಬೆಂಚಿನ ಮೇಲೆ ಕೂತು ಹೊತ್ತು ತಳ್ಳಿದ. ತನ್ನೊಳಗೆ ಇಬ್ಬರು ಬಾಡಿಗೆದಾರರಿದ್ದಾರೆ, ಒಬ್ಬ ಕಿಟಕಿ ತೆಗೆದರೆ ಇನ್ನೊಬ್ಬ ಮುಚ್ಚುತ್ತಾನೆ, ಮನೆಯ ಯಜಮಾನ ಮಾತ್ರ ಎಲ್ಲೂ ಕಾಣುವುದಿಲ್ಲ ಎನ್ನಿಸಿತು. ಆ ಯಜಮಾನನನ್ನು ಹುಡುಕುತ್ತ ಸಂಜೆ ನಾಲ್ಕು ಗಂಟೆಯಾಯಿತು. ಕೊನೆಗೆ, ಕನ್ನಡಿಯಲ್ಲಾದರೂ ಒಂದು ತೀರ್ಮಾನದ ಮುಖ ಕಂಡೀತೆಂದು ಕ್ಷೌರದಂಗಡಿಗೆ ನುಗ್ಗಿದ.

“ಕಾಯಿರಿ ಸಾರ್,” ಎಂದ ಕ್ಷೌರಿಕ, ಕತೆ ಕೇಳಿ. “ಅವಸರ ಮಾಡಿದ್ರೆ ಮೂಗೇ ಹೋಗುತ್ತೆ. ನಮ್ಮ ಕಸುಬಿನಲ್ಲಿ ಕಲಿತ ಪಾಠ.”

ತಕ್ಕಡಿ ಹೊದಿಕೆಯೊಳಗಿಂದ ಕೈ ಹೊರಗೆ ಹಾಕಿದ. “ಹಾಗಾದ್ರೆ ಗಡ್ಡ ಯಾಕ್ರೀ ಇವತ್ತು ಕೆರೀತೀರಿ? ನಾಳೆ ಮತ್ತೆ ಬರುತ್ತಲ್ಲ! ಇವತ್ತಿನ ಗಡ್ಡಕ್ಕೆ ಇವತ್ತಿನ ಕತ್ತಿ. ಇವತ್ತಿನ ಕೆಲಸಕ್ಕೆ ಇವತ್ತಿನ ಪ್ರೊಸೆಸರ್!”

ಪಕ್ಕದ ಕುರ್ಚಿಯಲ್ಲಿ ಮುಖದ ತುಂಬ ನೊರೆ ಬಳಿಸಿಕೊಂಡಿದ್ದ ಅಪರಿಚಿತ ಕಣ್ಣು ಬಿಟ್ಟ. “ಯಾವ ಅಂಗಡಿ ಅಂದ್ರಿ?” ಎಂದು ಕೇಳಿದ. ತಕ್ಕಡಿ ಉತ್ಸಾಹದಿಂದ ದಾರಿ ಹೇಳಿ, ಅದರ ಗುಣಗಾನಕ್ಕೆ ಇನ್ನೂ ಹತ್ತು ನಿಮಿಷ ಸೇರಿಸಿದ.

ಈ ಸಲ ಅವನ ಮಾತನ್ನು ಅವನೇ ನಂಬಿದ. ಮುಖ ಒರೆಸಿಕೊಂಡು, ಎರಡೆರಡು ಹೆಜ್ಜೆಯನ್ನು ಒಂದು ಮಾಡಿ ಅಂಗಡಿಗೆ ಹಾರಿದ.

“ಕೊಡಿ! ಒಂದು ಕೊಡಿ!”

“ಎರಡೇ ಇದ್ದಿದ್ದು ಸಾರ್. ಮಧ್ಯಾಹ್ನ ಒಬ್ಬರು ವಯಸ್ಸಾದವರು ಬಂದು, ಕಿವಿ ಕೆಡೋದರೊಳಗೆ ಬೇಕು ಅಂತ ಒಂದು ತಗೊಂಡ್ರು. ಈಗ ತಾನೇ ಇನ್ನೊಬ್ಬರು ಬಂದಿದ್ರು. ಕಿವಿ ಹತ್ತಿರ ಸೋಪಿನ ನೊರೆ ಇನ್ನೂ ಒಣಗಿರಲಿಲ್ಲ.”

“ಸಂಜೆಗೆ ಇಪ್ಪತ್ತು ಬರುತ್ತೆ ಅಂದಿದ್ರಲ್ರೀ?”

ಅಂಗಡಿಯವನು ಕೈ ಮುಗಿದ. “ನಿಮ್ಮ ಪುಣ್ಯ. ನೀವು ಆ ಕಡೆ ಹೋದ ತಕ್ಷಣ ಫೋನ್ ಮಾಡಿ ಬೇಡ ಅಂದೆ. ನೀವು ಹೇಳದಿದ್ರೆ ಮುಳುಗಿಹೋಗ್ತಿದ್ದೆ ಸಾರ್.”

ತಕ್ಕಡಿ ಮತ್ತೆ ಬರಿಗೈಯಲ್ಲೇ ಇಳಿದು ಬಂದ. ಮನೆಯ ಮೆಟ್ಟಿಲ ಬಳಿ ಮೇಷ್ಟ್ರು ಡಬ್ಬ ಹಿಡಿದು ಕಾಯುತ್ತಿದ್ದರು. “ಬಾಪ್ಪಾ, ನಿನ್ನ ಮಾತು ಕೇಳಿ ತಂದೆ. ಕೂರಿಸೋಕೆ ಮಾತ್ರ ನೀನೇ ಬೇಕು.”

ಮಹಡಿಯಲ್ಲಿ ಮೇಷ್ಟ್ರ ಕಂಪ್ಯೂಟರಿನ ಮುಂದೆ ಕೂತು ಸ್ಕ್ರೂಡ್ರೈವರ್ ತಿರುಗಿಸುತ್ತ ತಕ್ಕಡಿ ನಡೆದದ್ದನ್ನೆಲ್ಲ ಹೇಳಿಬಿಟ್ಟ.

“ಅಯ್ಯೋ, ಅದಕ್ಕೇನು!” ಎಂದರು ಮೇಷ್ಟ್ರು. “ಇವತ್ತೊಂದು ರಾತ್ರಿ ಇದನ್ನೇ ಕೆಳಗೆ ತಗೊಂಡು ಹೋಗು. ನನ್ನ ಹಕ್ಕಿ ನಾಳೆ ಕೂಗುತ್ತೆ.”

ತಕ್ಕಡಿಗೆ ಹೋದ ಜೀವ ಬಂತು. ಮೇಷ್ಟ್ರು ಇನ್ನೊಂದು ಮಾತು ಸೇರಿಸುವ ಮುಂಚೆಯೇ, ಪಕ್ಷ ಬದಲಿಸಲು ತನಗೆ ಅವಕಾಶವಾಗದ ಹಾಗೆ, “ಆಯ್ತು,” ಎಂದುಬಿಟ್ಟ. ಅಷ್ಟರಲ್ಲಿ ಹೆಂಡತಿ ಫೋನು ಹಿಡಿದು ಏದುಸಿರು ಬಿಡುತ್ತ ಮೇಲೆ ಬಂದಳು. “ಹಲ್ಲಿನ ಡಾಕ್ಟರು!”

“ನೋಡಿ,” ಎಂದರು ಡಾಕ್ಟರಮ್ಮ, “ಇನ್ನೊಬ್ಬರು ಇವತ್ತೇ ಕಳಿಸಿದಾರೆ. ಪರವಾಗಿಲ್ಲ, ನಡೆಯುತ್ತೆ. ಆದ್ರೆ ನಂಗೆ ನಿಮ್ಮ ಕೆಲಸದ ಮೇಲೇ ಮನಸ್ಸು. ನಾಳೆ ಆಗದಿದ್ರೆ ಒಂದು ವಾರ ಆದ್ರೂ ಕಾಯ್ತೀನಿ. ಕಾಯೋದೇ ಒಳ್ಳೇದಲ್ವಾ?”

ಹೌದು ಎಂದರೆ ಸಾಕಿತ್ತು. ಎರಡೇ ಅಕ್ಷರ. ತಕ್ಕಡಿ ತುಟಿ ಕಚ್ಚಿ ಹಿಡಿದ. ಆದರೂ ಇಡೀ ದಿನದ ಸಂಕಟ ಒಳಗಿನಿಂದ ಹಾಲಿನಂತೆ ಉಕ್ಕಿ ಬಂತು.

“ಕಾಯೋದಾ ಮೇಡಂ?” ಎಂದ. “ಕಾಯೋದಕ್ಕಿಂತ ದೊಡ್ಡ ತಪ್ಪು ಲೋಕದಲ್ಲೇ ಇಲ್ಲ. ಎದುರಿಗೆ ಇರೋದನ್ನ ಬಿಟ್ಟು ಬರೋದಕ್ಕೆ ಬಾಯಿ ಬಿಟ್ಕೊಂಡು ಕೂತ್ರೆ ಏನಾಗುತ್ತೆ ಅಂತ ನನ್ನ ಕೇಳಿ. ಇವತ್ತು ಒಂದೇ ದಿನ ಕಾದು ನಾನು…”

ಮೇಷ್ಟ್ರು ಎರಡೂ ಕೈಯಲ್ಲಿ ಬೇಡ ಬೇಡ ಎಂದು ಸನ್ನೆ ಮಾಡಿದರು. ಹೆಂಡತಿ ಅವನ ತೋಳು ಚಿವುಟಿದಳು. ಚಿವುಟಿದಷ್ಟೂ ವಾದಕ್ಕೆ ಹೊಸ ಹೊಸ ಆಧಾರ ಹೊಳೆಯುತ್ತ ಹೋಯಿತು.

“ಎಷ್ಟು ನಿಜ,” ಎಂದರು ಡಾಕ್ಟರಮ್ಮ. “ನಿಮ್ಮ ನಷ್ಟಾನೂ ನೋಡದೆ ಹೇಳಿದ್ರಲ್ಲ, ದೊಡ್ಡ ಮನಸ್ಸು. ಈಗ್ಲೇ ಆ ಇನ್ನೊಬ್ಬರಿಗೇ ಫೋನ್ ಮಾಡಿಬಿಡ್ತೀನಿ.”

ತಕ್ಕಡಿ ಫೋನನ್ನು ಮೇಜಿನ ಮೇಲಿಟ್ಟು ಕೊನೆಯ ಸ್ಕ್ರೂ ತಿರುಗಿಸಿದ. ಮೇಷ್ಟ್ರ ಕಂಪ್ಯೂಟರು ಗುಯ್ ಎಂದು ಎದ್ದಿತು.

“ಏನಂದ್ರು?” ಎಂದು ಕೇಳಿದಳು ಹೆಂಡತಿ.

“ನನ್ನ ಮಾತು ಒಪ್ಕೊಂಡ್ರು,” ಎಂದ ತಕ್ಕಡಿ.