ಶಿವಲಿಂಗವ್ವನ ಎಲುಬಿನ ಜೋಪಾನ

ತನ್ನ ಮನೆಯಲ್ಲಿ ತಾನೇ ಒಂದು ಕೊಡ ನೀರು ಎತ್ತುವಂತಿಲ್ಲ ಎಂದರೆ ಯಾವ ಹೆಂಗಸಿಗೆ ಸಿಟ್ಟು ಬರುವುದಿಲ್ಲ? ಇಳಕಲ್ಲಿನ ಶಿವಲಿಂಗವ್ವನಿಗಂತೂ ಹದಿನೈದು ದಿನಗಳಿಂದ ಸಿಟ್ಟು ನೆತ್ತಿಯಿಂದ ಕೆಳಗಿಳಿದೇ ಇರಲಿಲ್ಲ.

ಮುಟ್ಟು ನಿಂತ ಮೇಲೆ ಇದ್ದಕ್ಕಿದ್ದಂತೆ ಮೈಗೆ ಬೆಂಕಿ ಹತ್ತಿದಂತಾಗಿ ಬೆವರಿಳಿಯುತ್ತಿದ್ದುದಕ್ಕೆ ಬಾಗಲಕೋಟೆಯ ಲೇಡಿ ಡಾಕ್ಟರು ಎರಡು ವರ್ಷ ಹಾರ್ಮೋನಿನ ಗುಳಿಗೆ ಕೊಟ್ಟಿದ್ದರು. ಈಗ ಅದನ್ನು ಒಮ್ಮೆಲೇ ಬಿಡದೆ, ಮೊದಲು ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಂದು, ಹೀಗೆ ಇಳಿಸುತ್ತ ಬರಬೇಕು; ಗುಳಿಗೆ ಕಡಿಮೆಯಾದಂತೆ ಎಲುಬು ಸವೆಯಬಹುದು, ಅದಕ್ಕೆ ಹಾಲು, ಎಳ್ಳು, ಬಿಸಿಲು, ಅಡ್ಡಾಟ ಬೇಕು, ಜೋಪಾನ ಎಂದಿದ್ದರು. ಹೊರಗೆ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದ ಗಂಡ ರಾಚಪ್ಪನಿಗೆ ಕೇಳಿಸಿದ್ದು ಎರಡೇ ಮಾತು: ಎಲುಬು, ಜೋಪಾನ. (ಸೀರೆ ಅಂಗಡಿಯವನು. ಗಿರಾಕಿಗಳ ಮಾತನ್ನು ಅರ್ಧ ಕೇಳಿಯೇ ಮೂವತ್ತು ವರ್ಷ ಬದುಕಿದವನು.)

ಅಂದಿನಿಂದ ಮನೆಯಲ್ಲಿ ಎಲುಬು ಸಂರಕ್ಷಣಾ ಶಾಸನ ಜಾರಿಗೆ ಬಂತು. ನೀರು ತರಲು ಕೂಲಿಯ ಸೋಮವ್ವ ನೇಮಕವಾದಳು. ಮಾಳಿಗೆಯ ನಿಚ್ಚಣಿಕೆ ಅಟ್ಟ ಸೇರಿತು. ಬೀಸುಕಲ್ಲಿನ ಗೂಟವನ್ನು ರಾಚಪ್ಪ ಕಿತ್ತು ಅಂಗಡಿಗೇ ಒಯ್ದ. ಸಾಲದ್ದಕ್ಕೆ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ. ಓಣಿಯ ಹೆಂಗಸರು ಗುಂಪಾಗಿ ಬಂದು, ಯಾವ ಎಲುಬು ಮುರಿದಿದೆ ಎಂದು ಶಿವಲಿಂಗವ್ವನ ಕೈಕಾಲು ಮುಟ್ಟಿ ಮುಟ್ಟಿ ನೋಡಿದರು. ಆಕೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಇದನ್ನೂ ನುಂಗಿಕೊಂಡಾಳು. ಆದರೆ ಹುನಗುಂದದಲ್ಲಿ ತಂಗಿ ಇಂದ್ರಾಬಾಯಿಯ ಮಗಳ ಮದುವೆ. ಅದಕ್ಕೂ ಹೋಗುವುದು ಬೇಡ, ಬಸ್ಸಿನ ಕುಲುಕಾಟಕ್ಕೆ ಎಲುಬು ತಡೆಯುವುದಿಲ್ಲ ಎಂದ ರಾಚಪ್ಪ.

“ನಾ ಏನ್ ಹಪ್ಪಳ ಅದೀನೇನ್ರಿ, ಕುಲುಕಿದ್ರ ಮುರಿಯಾಕ? ನಡೀರಿ ಬಾಗಲಕೋಟಿಗೆ. ಡಾಕ್ಟರ ಬಾಯಿಲೇನ ಕೇಳ್ರಿ,” ಎಂದಳು ಶಿವಲಿಂಗವ್ವ.

ಮದುವೆಗೆ ಬಸ್ಸು ಬೇಡವೆಂದವನು ದವಾಖಾನೆ ಎಂದೊಡನೆ ಎದ್ದು ನಿಂತ. ಎರಡು ದಿಂಬಿನ ಮೇಲೆ ಹೆಂಡತಿಯನ್ನು ಕೂಡಿಸಿ, ಇಡೀ ಬಸ್ಸು ನೋಡಿ ನಗುವಂತೆ ಬಾಗಲಕೋಟೆ ಮುಟ್ಟಿಸಿದ. ಆಕೆ ಈ ಸಲ ಅವನನ್ನು ಡಾಕ್ಟರ ಎದುರಿಗೇ ಕೂಡಿಸಿ, ಒಂದೂ ಬಿಡದೆ ಎಲ್ಲ ಅನ್ಯಾಯವನ್ನೂ ಒಪ್ಪಿಸಿದಳು.

“ಹಿಂಗ ಕೂಡಿಸಿಟ್ರ ಎಲುಬು ಇನ್ನಷ್ಟು ಲಗೂ ಸವೀತಾವ್ರಿ,” ಎಂದರು ಡಾಕ್ಟರು. “ಬಿಸಿಲಾಗ ಅಡ್ಡಾಡ್ಲಿ, ಸ್ವಲ್ಪ ತೂಕ ಎತ್ತಲಿ. ಜಾರಿ ಬೀಳಬಾರ್ದು, ಅಷ್ಟ.”

ರಾಚಪ್ಪ ತಲೆ ತಗ್ಗಿಸಿದ. ಶಿವಲಿಂಗವ್ವ ದಿಂಬು ಎರಡನ್ನೂ ಅವನ ಬಗಲಿಗೆ ಕೊಟ್ಟು, ದಿಗ್ವಿಜಯ ಮುಗಿಸಿದ ರಾಣಿಯಂತೆ ಊರಿಗೆ ಮರಳಿದಳು.

ಮರುದಿನ ಸೋಮವ್ವ ನೀರಿಗೆ ಬರಲಿಲ್ಲ. ವಿಚಾರಿಸಿದರೆ, ಇನ್ನು ಬರುವುದು ಬೇಡವೆಂದು ಯಜಮಾನರೇ ಹೇಳಿ ಕಳಿಸಿದ್ದರು. ಬೀಸುಕಲ್ಲಿಗೆ ಗೂಟ ಬಂತು, ಜೊತೆಗೆ ಅರ್ಧ ಚೀಲ ಜೋಳವೂ ಬಂತು. ಏನೆಂದರೂ ಒಂದೇ ಉತ್ತರ: ಡಾಕ್ಟರು ಹೇಳಿದ್ದಾರೆ. ಆ ಮಾತನ್ನು ಡಾಕ್ಟರಿಂದ ಹೇಳಿಸಿದವಳು ಶಿವಲಿಂಗವ್ವನೇ.

ಮದುವೆಯ ದಿನ ಹುನಗುಂದ ಇನ್ನೂ ಎರಡು ಮೈಲಿ ಇರುವಾಗಲೇ ರಾಚಪ್ಪ ಬಸ್ಸು ನಿಲ್ಲಿಸಿ ಹೆಂಡತಿಯನ್ನು ಇಳಿಸಿದ. ಮದುಮಕ್ಕಳಿಗೆ ಕೊಡಲು ತಂದ ಆಯೇರಿನ ಹಿತ್ತಾಳೆ ಪಾತ್ರೆಯ ಗಂಟನ್ನು ಅವಳ ಕೈಗೆ ಕೊಟ್ಟು, ತಾನು ಛತ್ರಿ ಬಿಚ್ಚಿದ. ಅಂದು ಗುಳಿಗೆ ಇಲ್ಲದ ದಿನ. ಒಳಗಿನ ಬಿಸಿ ಸಾಲದೆಂದು ಮೇಲಿನದೂ ಸೇರಿತು. ಸ್ವಲ್ಪ ನೆರಳಾದರೂ ಕೊಡಿ ಎಂದಳು.

“ಛತ್ರಿ ಹಿಡದ್ರ ಬಿಸಿಲು ಎಲುಬಿಗೆ ಹೆಂಗ ಮುಟ್ಟಬೇಕು?” ಎಂದು ರಾಚಪ್ಪ ನೆರಳಿನಲ್ಲಿ ಮುಂದೆ ನಡೆದ.

ಮದುವೆಮನೆಯಲ್ಲಾದರೂ ಗೋಡೆಗೆ ಒರಗಿ ಕಾಲು ಚಾಚಿ, ಬಂದವರ ಮುಂದೆ ಗಂಡನ ಪ್ರತಾಪ ಬಿಚ್ಚಿಡಬೇಕೆಂದು ಅವಳು ಹಲ್ಲು ಕಚ್ಚಿಕೊಂಡು ನಡೆದಳು. ಆದರೆ ಅವನು ಹತ್ತು ಹೆಜ್ಜೆ ಮೊದಲೇ ಮುಟ್ಟಿದ್ದ. ಒಳಗಿನಿಂದ ಇಂದ್ರಾಬಾಯಿ ಓಡಿ ಬಂದು ಅಕ್ಕನ ಕೈ ಹಿಡಿದಳು.

“ಮಾಮಾರು ಎಲ್ಲಾ ಹೇಳಿದ್ರವಾ ಅಕ್ಕಾ. ಎಂಥಾ ಕಾಳಜಿ ಅವರದು. ಲಗೂ ಬಾ, ಹಿಟ್ಟಿನ ಚೀಲ ಯಾರಿಗೂ ಮುಟ್ಟಗೊಡದ ನಿನಗ ಎತ್ತಾಕಂತನ ಇಟ್ಟೇನಿ.”