ಅನಸೂಯಾ ಬಳಿಗಾರಳ ಕುರ್ಚಿ ದಿಗ್ವಿಜಯ

ಯಾವ ಯುಗದಲ್ಲಿ ಸೊಳ್ಳೆಯೆಂಬ ಸೂಕ್ಷ್ಮದೇಹಿಯು ಶೂರರ ಸಂಧಿಸಂಧಿಗಳಲ್ಲಿ ಚಿಕೂನ್‌ಗುನ್ಯಾವನ್ನು ಬಿತ್ತಿ ಅವರನ್ನು ಹಾಸಿಗೆಗೆ ಕೆಡವಿತೋ, ಯಾವ ಯುಗದಲ್ಲಿ ಒಗೆದ ಬಟ್ಟೆಯು ಮಡಿಸುವವರಿಲ್ಲದೆ ಪರ್ವತವಾಗಿ ಬೆಳೆಯಿತೋ, ಆ ಘೋರ ಯುಗದ ಕಥೆಯನ್ನು ಕೇಳಿರಿ. ಹುಬ್ಬಳ್ಳಿಯ ನವನಗರದಲ್ಲಿ, ಎರಡನೆಯ ಮಹಡಿಯ ಎಡಬಾಗಿಲ ಮನೆಯಲ್ಲಿ, ಏಳನೆಯ ಇಯತ್ತೆಯ ಅರವತ್ತು ಮಕ್ಕಳನ್ನು ಹುಬ್ಬಿನ ಒಂದೇ ಚಲನೆಯಿಂದ ಸುಮ್ಮನಾಗಿಸಬಲ್ಲವಳೂ, ಕೆಂಪುಮಸಿಧಾರಿಣಿಯೂ, ಉತ್ತರಪತ್ರಿಕಾಮರ್ದಿನಿಯೂ ಆದ ಅನಸೂಯಾ ಬಳಿಗಾರಳೆಂಬ ಶಿಕ್ಷಕಿಯು ವಾಸವಾಗಿದ್ದಳು. ಓ ವಾಗ್ದೇವಿ, ಅವಳ ಪರಾಕ್ರಮವನ್ನು ಹೇಳಲು ನನ್ನ ನಾಲಗೆಗೆ ಬಲ ಕೊಡು. ಅವಳ ಮೊಣಕಾಲಿಗೂ ಒಂದಿಷ್ಟು ಕೊಟ್ಟರೆ ಉಪಕಾರವಾದೀತು.

ಜ್ವರ ಬಿಟ್ಟು ಐದು ವಾರವಾಗಿತ್ತು, ಶಕ್ತಿ ಮಾತ್ರ ಮರಳಿರಲಿಲ್ಲ. ಪತಿದೇವನು ವಿಜಯಪುರದ ನೌಕರಿಯಿಂದ ಭಾನುವಾರಕ್ಕೊಮ್ಮೆ ಆಗಮಿಸಿ, ಪರ್ವತಕ್ಕೆ ತನ್ನ ಪಾಲಿನ ಅಂಗಿಗಳನ್ನು ಸಮರ್ಪಿಸಿ ಹಿಂತಿರುಗುತ್ತಿದ್ದನು. ಬಲಬಾಗಿಲ ಮನೆಯ ಮಹಾನಂದಕ್ಕ ಒಂಬತ್ತು ದಿನಗಳಿಂದ ದಿನವೂ ಮಧ್ಯಾಹ್ನ ಸ್ಟೀಲಿನ ಡಬ್ಬಿಯಲ್ಲಿ ಮೆತ್ತನೆಯ ಅನ್ನ, ಸಾರು ತರುತ್ತಿದ್ದಳು. ಅನಸೂಯಾ ಬಾಗಿಲನ್ನು ಗೇಣಗಲ ತೆರೆದು, ಡಬ್ಬಿ ಇಸಿದುಕೊಂಡು, "ನಿದ್ದಿ ಬರಾಕತ್ತೈತಿ ಅಕ್ಕಾ" ಎಂದು ಮುಚ್ಚಿಬಿಡುತ್ತಿದ್ದಳು. ನಿದ್ದೆಯೂ ಇಲ್ಲ, ಏನೂ ಇಲ್ಲ; ನಾಚಿಕೆ. ಬಂದವರನ್ನು ಕೂರಿಸಲು ಆ ಮನೆಯಲ್ಲಿ ಒಂದು ಮೊಳ ಜಾಗವಿರಲಿಲ್ಲ. ತುಂಬಿ ಬಂದ ಡಬ್ಬಿಯನ್ನು ಖಾಲಿ ಮರಳಿಸಬಾರದೆಂಬುದು ಕುಲಧರ್ಮವಾದ್ದರಿಂದ, ಚಕ್ಕುಲಿ ಕರಿಯುವ ತ್ರಾಣ ಬರಲೆಂದು ಕಾಯುತ್ತ ಒಂಬತ್ತು ಡಬ್ಬಿಗಳೂ ಅಡುಗೆಕಟ್ಟೆಯ ಮೇಲೆ ಮುಸುರೆಯಾಗಿ ಕೂತಿದ್ದವು. ಕಾಯಿಲೆಗೆ ಮೊದಲು ಇಬ್ಬರೂ ನಿತ್ಯ ಒಂದು ತಾಸು ಹರಟುತ್ತಿದ್ದರು. ಅನಸೂಯಾಳಿಗೆ ಗುಳಿಗೆಗಿಂತ ಆ ಹರಟೆಯೇ ಬೇಕಾಗಿತ್ತು.

ಒಂದು ಮಂಗಳವಾರ ಸಾರು ತಂಬಿಗೆಯಲ್ಲಿ ಬಂತು.

"ನಮ್ಮನ್ಯಾಗ ಡಬ್ಬಿ ಮುಗದಾವು ನೋಡವಾ," ಎಂದಳು ಮಹಾನಂದಕ್ಕ, ನಗದೆ. "ನಾಳಿಂದ ಬರಲೋ ಬ್ಯಾಡೋ, ಅಷ್ಟ ಹೇಳು."

ಆ ನುಡಿ ಸಿಡಿಲಿನಂತೆ ಎರಗಿದೊಡನೆ ಅನಸೂಯಾ, "ಬಾ ಅಕ್ಕಾ, ತಪ್ಪಸಬ್ಯಾಡ. ಶನಿವಾರ ಒಳಗ ಬಾ. ಕುಂತು ಮಾತಾಡೂಣು," ಎಂದುಬಿಟ್ಟಳು.

ಬಾಗಿಲು ಮುಚ್ಚಿ, ಬಟ್ಟೆಯಡಿ ಅದೃಶ್ಯವಾಗಿದ್ದ ಬೆತ್ತದ ಕುರ್ಚಿಗೆ ಅಭಿಮುಖಳಾಗಿ ಅವಳು ಗರ್ಜಿಸಿದಳು: "ಎಲೈ ವಸ್ತ್ರಶೈಲವೇ! ಪೆಟಿಕೋಟ್‌ಪರಿವೃತವೇ! ನಾಲ್ಕು ದಿನದೊಳಗೆ ನಿನ್ನನ್ನು ನಿರ್ಮೂಲಗೊಳಿಸದಿದ್ದರೆ ನಾನು ಬಳಿಗಾರರ ಮನೆಯ ಸೊಸೆಯೇ ಅಲ್ಲ!" ಇದು ಕವಿಯ ಪಾಠ. ಅವಳ ಬಾಯಿಂದ ನಿಜಕ್ಕೂ ಹೊರಟದ್ದು, "ಒಂದ ಕುರ್ಚಿ. ಅಷ್ಟ ಸಾಕು."

ಅವಳು ವಿಧಿಸಿಕೊಂಡ ಯುದ್ಧಧರ್ಮ ಕಠಿಣವಾದುದು. ಬೇಳೆಯ ಕುಕ್ಕರನ್ನು ಒಲೆಗೇರಿಸಿ, ಮೂರು ಸೀಟಿಯವರೆಗೆ ಮಾತ್ರ ಕಾದಾಟ. ಮೂರನೆಯದು ಮೊಳಗಿದೊಡನೆ ಒಲೆ ಆರಿಸಿ, ಶಸ್ತ್ರತ್ಯಾಗ ಮಾಡಿ ಶಯನ. ಬುಧವಾರ ಐದು ಟವೆಲುಗಳು ಮಡಿಕೆಗೆ ಶರಣಾದವು. ಪತಿಯ ಹನ್ನೊಂದು ಕಾಲುಚೀಲಗಳಲ್ಲಿ ಜೋಡಿಯೊಂದೂ ಇಲ್ಲದ್ದರಿಂದ ಸಂಧಾನ ಮುರಿದುಬಿತ್ತು. ಗುರುವಾರ ನಾಲ್ಕು ಡಬ್ಬಿಗಳು ಬೆಳಗಿದವು. ಶುಕ್ರವಾರ ಬೆರಳುಗಳು ಮಡಚಲೇ ಒಲ್ಲೆವೆಂದವು. ಅವಳು ಮಂಚದಲ್ಲಿ ಮಲಗಿ ಮೂರು ಸೀಟಿಗಳನ್ನೂ ಎಣಿಸಿದಳು, ಹೇಗೋ ಎದ್ದು ಒಲೆ ಆರಿಸಿದಳು, ಮತ್ತೆ ಮಲಗಿ ಅತ್ತಳು. ಅದನ್ನು ವೀರಗಾಥೆಗೆ ಸೇರಿಸಬೇಕೋ ಬೇಡವೋ ಎಂದು ನಾನು ಬಹಳ ಯೋಚಿಸಿದೆ, ಸೇರಿಸಿದ್ದೇನೆ.

ಶನಿವಾರ ಅವಳಿಗೆ ಜ್ಞಾನೋದಯವಾಯಿತು. ಬಟ್ಟೆಯನ್ನು ಮಡಿಸಲೇಬೇಕೆಂದು ಯಾರು ಹೇಳಿದರು? ಎರಡೂ ತೋಳುಗಳಿಂದ ಪರ್ವತವನ್ನು ತಬ್ಬಿ, ಕುರ್ಚಿಯಿಂದ ಮಂಚಕ್ಕೆ ಸ್ಥಾನಾಂತರಗೊಳಿಸಿದಳು. ಚಕ್ಕುಲಿಯೇ ಆಗಬೇಕೆಂದೂ ಯಾರೂ ಹೇಳಿರಲಿಲ್ಲ. ಉಳಿದ ಐದು ಡಬ್ಬಿಗಳನ್ನು ತಿಕ್ಕಿ ಒರೆಸಿ, ಒಂಬತ್ತರಲ್ಲಿಯೂ ಒಂದೊಂದು ಚಮಚ ಸಕ್ಕರೆ ಹಾಕಿಟ್ಟಳು. ಮೂರನೆಯ ಸೀಟಿ ಕೂಗಿತು.

ಮಹಾನಂದಕ್ಕ ಒಳಗೆ ಕಾಲಿಟ್ಟವಳು ಮಂಚ ನೋಡಿದಳು, ನೆಲ ನೋಡಿದಳು, ಡಬ್ಬಿಗಳ ಸಾಲು ನೋಡಿದಳು.

"ಅಯ್ಯ ನಮ್ಮವ್ವಾ! ಇದಕ್ಕ ಬಾಗಲಾ ಹಾಕ್ಕೊಂಡು ಕುಂತಿದ್ದಿ ಏನು? ನನ್ನ ಸಪ್ಪನ ಸಾರು ನಿನಗ ಸೇರವಲ್ದು ಅಂತ ನಾ ದಿನಾ ಮರಗತಿದ್ದೆ!"

ಅನಸೂಯಾಳ ಕಣ್ಣು ತುಂಬಿ ಬಂತು. "ಕುಂದ್ರ ಅಕ್ಕಾ," ಎಂದಷ್ಟೇ ಅಂದಳು.

ಮಹಾನಂದಕ್ಕ ಕುರ್ಚಿಯಲ್ಲಿ ಕುಳಿತಳು. ಗೆದ್ದ ಸಾಮ್ರಾಜ್ಯದಲ್ಲಿ ಎರಡನೆಯ ಆಸನವಿಲ್ಲದ್ದರಿಂದ ವೀರಾಗ್ರಣಿಯು ಬಟ್ಟೆಯ ಗುಡ್ಡೆಯ ಮೇಲೆಯೇ ಆಸೀನಳಾದಳು. ಐದು ವಾರದ ಸುದ್ದಿ ಬಾಕಿಯಿತ್ತು. ಕೆಳಗಿನ ಮನೆಯವರ ಜಗಳದಿಂದ ಶುರುವಾಗಿ ಸಂಜೆಯಾದರೂ ಮುಗಿಯಲಿಲ್ಲ. ಆ ದಿನ ಮನೆಯಲ್ಲಿ ಮತ್ತೇನೂ ಸ್ವಚ್ಛವಾಗಲಿಲ್ಲ. ಚಹಾದ ಎರಡು ಕಪ್ಪುಗಳು ಹೊಸದಾಗಿ ಮುಸುರೆಗೆ ಬಿದ್ದವು.